ಕಲ್ಯಾಣ ಪ್ರಾಂತದ ಆಹಾರ, ಕರುಳಿನ ಸೂಕ್ಷ್ಮಜೀವಿಗಳು ಮತ್ತು ಸ್ಥೌಲ್ಯ

ಪೀಠಿಕೆ

ಸ್ಥೌಲ್ಯವು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯ. ಅದನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ನಾಡಿನ ಜನ ಏನನ್ನು ಬೆಳೆದರು, ಏನನ್ನು ಉಂಡರು, ಯಾವಾಗ ಹಸಿದರು ಎಂಬುದು ಅರಸರ ವಂಶಾವಳಿಯಷ್ಟೇ ಇತಿಹಾಸದ ವಿಷಯವಾಗಿದೆ. ಕಳೆದ ಎರಡು ದಶಕಗಳಲ್ಲಿ ಜೀವವಿಜ್ಞಾನಿಗಳು ನಡೆಸಿರುವ ಸಂಶೋಧನೆಗಳು ಈ ಎರಡು ಶಾಸ್ತ್ರಗಳನ್ನು ಅನಿರೀಕ್ಷಿತವಾದ ಒಂದು ಸ್ಥಳದಲ್ಲಿ, ಎಂದರೆ ಮನುಷ್ಯನ ದೊಡ್ಡ ಕರುಳಿನಲ್ಲಿ, ಸಂಧಿಸುವಂತೆ ಮಾಡಿವೆ. ಅಲ್ಲಿ ವಾಸಿಸುವ ಬ್ಯಾಕ್ಟೀರಿಯಗಳ ಸಮುದಾಯವು ನಾವು ತಿನ್ನುವ ಅನ್ನದಿಂದ ರೂಪುಗೊಳ್ಳುತ್ತದೆ. ಆ ಸಮುದಾಯವು ಮತ್ತೆ ನಮ್ಮ ದೇಹದ ಮೇದಸ್ಸನ್ನು ಪ್ರಭಾವಿಸುತ್ತದೆ ಎಂಬುದು ಈ ಸಂಶೋಧನೆಗಳ ಸಾರ. ಈ ವಿಚಾರವನ್ನು ಹುಮನಾಬಾದು, ಮಾಣಿಕನಗರ, ಬಸವಕಲ್ಯಾಣಗಳ ಪ್ರಾಂತಕ್ಕೆ ಅನ್ವಯಿಸಿ ನೋಡುವುದು, ಯಾವುದು ಸಿದ್ಧವಾಗಿದೆ, ಯಾವುದು ಇನ್ನೂ ಊಹೆಯಾಗಿದೆ ಎಂಬುದನ್ನು ಬೇರ್ಪಡಿಸಿ ಹೇಳುವುದು ಈ ಲೇಖನದ ಉದ್ದೇಶ.

ವಿಷಯದ ಗಾಂಭೀರ್ಯವನ್ನು ಮೊದಲೇ ಸೂಚಿಸುವುದು ಲೇಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಸಮೀಕ್ಷೆಯು ೧,೧೩,೦೪೩ ಜನರನ್ನು ಪರೀಕ್ಷಿಸಿ, ದೇಶದಲ್ಲಿ ೧೦ ಕೋಟಿಗೂ ಮಿಕ್ಕ ಜನ ಮಧುಮೇಹಿಗಳಿದ್ದಾರೆಂದೂ ವಯಸ್ಕರಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ಹೊಟ್ಟೆಯ ಬೊಜ್ಜು ಇದೆಯೆಂದೂ ತಿಳಿಸಿತು. ಬರಗಾಲದ ನೆನಪು ಇನ್ನೂ ಮಾಸದ ದೇಶದಲ್ಲಿ ಇದು ಹೇಗಾಯಿತು? ಜನರ ಹೊಟ್ಟೆಬಾಕತನವೇ ಇದಕ್ಕೆ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ವಿಚಾರಪೂರ್ವಕವಾದ ಉತ್ತರವಲ್ಲ.

೧. ಕಲ್ಯಾಣದ ಅಡುಗೆಮನೆ

ಆಹಾರದ ಇತಿಹಾಸಕ್ಕೆ ಕಲ್ಯಾಣದಷ್ಟು ಒಳ್ಳೆಯ ಆಧಾರವಿರುವ ಸ್ಥಳಗಳು ಕರ್ನಾಟಕದಲ್ಲಿ ವಿರಳ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮೂರನೆಯ ವಿಂಶತಿಯಲ್ಲಿ ಅನ್ನಭೋಗವೆಂಬ ಭಾಗವಿದೆ. ಅಕ್ಕಿಯ ಬಗೆಗಳು, ಬೇಳೆಗಳು, ಮಾಂಸಗಳು, ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸಕ, ವಡೆ ಮೊದಲಾದವು ಅಲ್ಲಿ ಬರುತ್ತವೆ. ಅದಕ್ಕಿಂತ ಒಂದು ಶತಮಾನ ಹಿಂದೆ ಇದೇ ವಂಶದ ಆಳಿಕೆಯಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು ಇಡ್ಡಲಿಗೆ ಮಾಡುವ ಕ್ರಮವಿದೆ. ಹುಳಿಯುವ ಪದಾರ್ಥಗಳನ್ನು ಅಡುಗೆಗೆ ಬಳಸುವ ವಿದ್ಯೆ ಈ ನಾಡಿಗೆ ಒಂದು ಸಾವಿರ ವರ್ಷದಷ್ಟಾದರೂ ಹಳೆಯದು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಸೂಕ್ಷ್ಮಜೀವಿಯೆಂಬ ಹೆಸರು ಹುಟ್ಟುವುದಕ್ಕೆ ಬಹುಕಾಲ ಮೊದಲೇ ನಮ್ಮ ಗೃಹಿಣಿಯರು ಅದನ್ನು ದುಡಿಸಿಕೊಂಡಿದ್ದರು.

ಆದರೆ ಅರಸನ ಅನ್ನಭೋಗವು ಪ್ರಜೆಯ ಊಟವಲ್ಲವೆಂಬುದನ್ನು ಮರೆಯಬಾರದು. ಈ ಪ್ರಾಂತದ ಒಕ್ಕಲಿಗನ ಊಟ ಎರೆ ನೆಲದ ಬಿಳಿಜೋಳ, ಕೆಂಪು ನೆಲದ ತೊಗರಿ, ಕಡಲೆ, ಉದ್ದು, ಹೆಸರು, ಸಜ್ಜೆ, ಅಗಸೆ, ಪುಂಡಿಯ ಸೊಪ್ಪುಗಳಿಂದ ಕೂಡಿದುದಾಗಿತ್ತು. ಜೋಳದ ರೊಟ್ಟಿ, ನುಚ್ಚು, ಅಂಬಲಿ, ಜುಣಕ, ಪುಂಡಿಪಲ್ಯ ಇವೇ ಅದರ ಮುಖ್ಯಾಂಗಗಳು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಹಲವು ಹಸಿಕಾಳು, ತರಕಾರಿ, ಸೊಪ್ಪುಗಳನ್ನು ಒಂದಾಗಿ ಬೇಯಿಸಿದ ಭಜ್ಜಿಯನ್ನೂ ಹುಳಿಯಾದ ಅಂಬಲಿಯನ್ನೂ ಬಂಧುಮಿತ್ರರೊಡನೆ ಉಣ್ಣುವ ಪದ್ಧತಿ ಬೀದರ ಜಿಲ್ಲೆಯಲ್ಲಿ ಇಂದಿಗೂ ಇದೆ. ಶರಣರ ದಾಸೋಹದಿಂದ ಮೊದಲುಗೊಂಡು, ೧೮೧೭ರಲ್ಲಿ ಜನಿಸಿದ ಮಾಣಿಕಪ್ರಭುಗಳ ಸಂಸ್ಥಾನದ ಅನ್ನಸಂತರ್ಪಣೆಯವರೆಗೆ, ಹಸಿದವನಿಗೆ ಅನ್ನವಿಡುವುದನ್ನೇ ದೊಡ್ಡ ಧರ್ಮವೆಂದು ಈ ನಾಡು ಎಣಿಸಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಇಲ್ಲಿ ಹಸಿವು ನಿತ್ಯದ ಅತಿಥಿಯಾಗಿತ್ತು. ೧೮೭೬-೭೮ರ ಮಹಾಕ್ಷಾಮವು ಮುಂಬಯಿ, ಮದರಾಸು, ಮೈಸೂರುಗಳಂತೆಯೇ ನಿಜಾಮರ ಸಂಸ್ಥಾನವನ್ನೂ ಪೀಡಿಸಿತು. ೧೯೭೨-೭೩ರ ಬರಗಾಲವನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ.

೨. ಕರುಳಿನ ನಿವಾಸಿಗಳು

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಹಾಲೆಂಡಿನ ಲೇವೆನ್‌ಹುಕ್ ಎಂಬಾತನು ತಾನೇ ತಯಾರಿಸಿದ ಸೂಕ್ಷ್ಮದರ್ಶಕದಿಂದ ತನ್ನ ಹಲ್ಲಿನ ಕೊಳೆಯಲ್ಲಿಯೂ ಮಲದಲ್ಲಿಯೂ ಚಲಿಸುವ ಅಣುಜೀವಿಗಳನ್ನು ಕಂಡನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯದ ಮೆಚ್ನಿಕಾಫ್‌ನು ಮೊಸರಿನ ಬ್ಯಾಕ್ಟೀರಿಯಗಳು ಆಯುಸ್ಸನ್ನು ವೃದ್ಧಿಗೊಳಿಸುತ್ತವೆಂದು ವಾದಿಸಿದನು. ಆದರೂ ಈ ಜೀವಿಗಳ ಪೂರ್ಣ ಪರಿಚಯಕ್ಕೆ ಅವುಗಳ ಅನುವಂಶಿಕ ದ್ರವ್ಯವನ್ನು ನೇರವಾಗಿ ಓದುವ ತಂತ್ರ ಬರುವವರೆಗೆ ಕಾಯಬೇಕಾಯಿತು. ೨೦೧೬ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಮಾಡಿದ ಗಣನೆಯ ಪ್ರಕಾರ ಮನುಷ್ಯನ ದೇಹದಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ದೇಹದ ಸ್ವಂತ ಜೀವಕೋಶಗಳ ಸಂಖ್ಯೆ ಸುಮಾರು ೩೦ ಲಕ್ಷ ಕೋಟಿ. ಈ ಬ್ಯಾಕ್ಟೀರಿಯಗಳ ಒಟ್ಟು ತೂಕ ಸುಮಾರು ೨೦೦ ಗ್ರಾಂ. ಬಹುಪಾಲು ದೊಡ್ಡ ಕರುಳಿನಲ್ಲಿಯೇ ಇರುತ್ತವೆ.

ಇವುಗಳ ಕಾರ್ಯವೇನು? ಧಾನ್ಯದ ಪಿಷ್ಟ, ಸಕ್ಕರೆ, ಎಣ್ಣೆಗಳು ಸಣ್ಣ ಕರುಳಿನಲ್ಲಿಯೇ ಬಹುಮಟ್ಟಿಗೆ ಜೀರ್ಣವಾಗಿ ರಕ್ತವನ್ನು ಸೇರುತ್ತವೆ. ಹೊಟ್ಟು, ಸಿಪ್ಪೆ, ಸೊಪ್ಪುಗಳಲ್ಲಿರುವ ನಾರಿನಂಶವನ್ನು ಜೀರ್ಣಿಸುವ ಶಕ್ತಿ ನಮಗಿಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಬೆಂದು ತಣಿದ ಪಿಷ್ಟದಲ್ಲಿಯೂ ಒಂದು ಅಂಶ ಹೀಗೆಯೇ ಕೆಳಗಿಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಅದನ್ನು ಹುಳಿಯಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಕಿರಿಯ ಮೇದಾಮ್ಲಗಳನ್ನು ಉತ್ಪಾದಿಸುತ್ತವೆ. ಮಡಕೆಯಲ್ಲಿ ಅಂಬಲಿ ಹುಳಿಯುವ ಕ್ರಿಯೆಗೂ ಇದಕ್ಕೂ ಜಾತಿಯಲ್ಲಿ ಸಾಮ್ಯವಿದೆ. ಬ್ಯುಟಿರಿಕ್ ಆಮ್ಲವು ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಆಹಾರ. ಈ ಆಮ್ಲಗಳು ಕರುಳಿನ ಕೆಲವು ಜೀವಕೋಶಗಳನ್ನು ಪ್ರಚೋದಿಸಿ, ಹೊಟ್ಟೆ ತುಂಬಿತೆಂಬ ಸಂದೇಶವನ್ನು ಮಿದುಳಿಗೆ ತಲಪಿಸುವ ಹಾರ್ಮೋನುಗಳು ಸ್ರವಿಸುವಂತೆಯೂ ಮಾಡುತ್ತವೆ. ನಾರಿನ ಅಭಾವವಾದಾಗ ಕೆಲವು ಬ್ಯಾಕ್ಟೀರಿಯಗಳು ಕರುಳಿನ ರಕ್ಷಣೆಗಿರುವ ಲೋಳೆಯ ಪದರವನ್ನೇ ತಿನ್ನತೊಡಗುವುದು ಇಲಿಗಳಲ್ಲಿ ಕಂಡುಬಂದಿದೆ. ಆ ಗೋಡೆ ಶಿಥಿಲವಾದರೆ ಬ್ಯಾಕ್ಟೀರಿಯಗಳ ವಿಷಾಂಶಗಳು ಅಲ್ಪಪ್ರಮಾಣದಲ್ಲಿ ರಕ್ತಕ್ಕೆ ಸೇರಿ, ದೇಹದಲ್ಲಿ ಮಂದವಾದ ಉರಿಯೂತವನ್ನುಂಟುಮಾಡಿ, ಇನ್ಸುಲಿನ್ನಿನ ಕೆಲಸಕ್ಕೆ ತಡೆಯೊಡ್ಡುತ್ತವೆ.

ಇಲ್ಲಿ ಒಂದು ಸಹಜವಾದ ಆಕ್ಷೇಪ ಹುಟ್ಟುತ್ತದೆ: ಬ್ಯಾಕ್ಟೀರಿಯಗಳು ನಾರಿನಿಂದಲೂ ಶಕ್ತಿಯನ್ನು ತೆಗೆದುಕೊಡುವುದಾದರೆ, ನಾರು ತಿಂದವನು ಇನ್ನಷ್ಟು ಸ್ಥೂಲನಾಗಬೇಕಲ್ಲವೆ? ಒಂದು ಗ್ರಾಂ ಪಿಷ್ಟವು ಸುಮಾರು ೪ ಕ್ಯಾಲೊರಿಗಳನ್ನು ಕೊಟ್ಟರೆ, ಒಂದು ಗ್ರಾಂ ನಾರು ಬ್ಯಾಕ್ಟೀರಿಯಗಳ ಮೂಲಕ ಕೊಡುವುದು ಸರಾಸರಿ ೨ ಮಾತ್ರ. ಅದೂ ನಿಧಾನವಾಗಿ, ತೃಪ್ತಿಯ ಸಂದೇಶದೊಡನೆ ಬರುತ್ತದೆ. ಆದುದರಿಂದ ಪಿಷ್ಟದ ಸ್ಥಾನವನ್ನು ನಾರು ಆಕ್ರಮಿಸಿದಾಗ ಒಟ್ಟಿನಲ್ಲಿ ಒದಗುವ ಶಕ್ತಿ ಕಡಮೆಯಾಗುತ್ತದೆ.

೩. ಇಲಿಗಳಿಂದ ದೊರೆತ ಸಾಕ್ಷ್ಯ

ಬ್ಯಾಕ್ಟೀರಿಯಗಳಿಗೂ ಸ್ಥೌಲ್ಯಕ್ಕೂ ಸಂಬಂಧವಿದೆಯೆಂಬ ವಾದಕ್ಕೆ ಬಲ ಬಂದುದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳಿಂದ. ಹುಟ್ಟಿದಾಗಿನಿಂದ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಗಳನ್ನು ಸೇರಿಸಿದಾಗ, ಅವು ಮೊದಲಿಗಿಂತ ಕಡಮೆ ತಿಂದರೂ ಹದಿನಾಲ್ಕು ದಿನಗಳಲ್ಲಿ ಅವುಗಳ ದೇಹದ ಕೊಬ್ಬು ನೂರಕ್ಕೆ ಸುಮಾರು ೬೦ರಷ್ಟು ಹೆಚ್ಚಿತೆಂದು ೨೦೦೪ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ಅದೇ ತಂಡವು ಸ್ಥೂಲವಾದ ಇಲಿಯ ಬ್ಯಾಕ್ಟೀರಿಯಗಳನ್ನು ಪಡೆದ ಇಲಿಗಳು ಕೃಶವಾದ ಇಲಿಯ ಬ್ಯಾಕ್ಟೀರಿಯಗಳನ್ನು ಪಡೆದವುಗಳಿಗಿಂತ ಹೆಚ್ಚು ಕೊಬ್ಬನ್ನು ಗಳಿಸಿದುದನ್ನು ತೋರಿಸಿತು. ೨೦೧೩ರ ಪ್ರಯೋಗ ಇನ್ನೂ ಕುತೂಹಲಕರವಾದುದು. ಅವಳಿ ಸೋದರಿಯರಲ್ಲಿ ಒಬ್ಬಳು ಸ್ಥೂಲಳೂ ಇನ್ನೊಬ್ಬಳು ಕೃಶಳೂ ಆಗಿರುವ ಜೋಡಿಗಳನ್ನು ಆರಿಸಿ, ಅವರ ಬ್ಯಾಕ್ಟೀರಿಯಗಳನ್ನು ಇಲಿಗಳಿಗೆ ಕೊಟ್ಟಾಗ, ಸ್ಥೂಲಳ ಬ್ಯಾಕ್ಟೀರಿಯ ಪಡೆದ ಇಲಿಗಳು ಕೊಬ್ಬಿದುವು. ಎರಡು ಬಗೆಯ ಇಲಿಗಳನ್ನೂ ಒಂದೇ ಪಂಜರದಲ್ಲಿಟ್ಟಾಗ ಕೃಶಳ ಬ್ಯಾಕ್ಟೀರಿಯಗಳು ಇನ್ನೊಂದರ ಕರುಳಿನಲ್ಲಿಯೂ ನೆಲಸಿ, ಅದು ಕೊಬ್ಬುವುದನ್ನು ತಡೆದುವು. ಆದರೆ ಈ ಫಲ ಕಂಡುಬಂದುದು ಇಲಿಗಳಿಗೆ ಕೊಬ್ಬು ಕಡಮೆಯಿದ್ದು ನಾರು ಹೆಚ್ಚಾಗಿದ್ದ ಆಹಾರವನ್ನು ಕೊಟ್ಟಾಗ ಮಾತ್ರ. ಒಳ್ಳೆಯ ನಿವಾಸಿಗಳು ಬಂದರೂ ಅವುಗಳಿಗೆ ತಕ್ಕ ಅನ್ನ ದೊರೆಯದಿದ್ದರೆ ನಿಲ್ಲಲಾರವು ಎಂಬುದು ಇದರ ತಾತ್ಪರ್ಯ. ಬ್ಯಾಕ್ಟೀರಿಯ ಮುಖ್ಯವೋ ಆಹಾರ ಮುಖ್ಯವೋ ಎಂಬ ಪ್ರಶ್ನೆ ಬೀಜ-ವೃಕ್ಷ ನ್ಯಾಯದಂತೆ ಆಗುತ್ತದೆ.

೪. ಜೋಳ ಉಣ್ಣುವವರ ಕರುಳು

ಮನುಷ್ಯರ ವಿಷಯದಲ್ಲಿ ನಮ್ಮ ಪ್ರಾಂತಕ್ಕೆ ಅತ್ಯಂತ ಸಮೀಪವಾದ ಸಾಕ್ಷ್ಯ ಬಂದಿರುವುದು ದೂರದ ಆಫ್ರಿಕದಿಂದ. ೨೦೧೦ರಲ್ಲಿ ಇಟಲಿಯ ವಿಜ್ಞಾನಿಗಳು ಬುರ್ಕಿನಾ ಫಾಸೊ ದೇಶದ ಒಂದು ಹಳ್ಳಿಯ ಮಕ್ಕಳನ್ನೂ ಫ್ಲಾರೆನ್ಸ್ ನಗರದ ಮಕ್ಕಳನ್ನೂ ಹೋಲಿಸಿದರು. ಹಳ್ಳಿಯ ಮಕ್ಕಳ ಆಹಾರ ಜೋಳ, ಸಜ್ಜೆ, ದ್ವಿದಳ ಧಾನ್ಯ, ಸೊಪ್ಪು. ಎಂದರೆ ಹೆಚ್ಚುಕಡಮೆ ನಮ್ಮ ಎರೆ ನೆಲದ ಊಟವೇ. ಅವರ ಕರುಳಿನಲ್ಲಿ ನಾರನ್ನು ಒಡೆಯಬಲ್ಲ ಪ್ರೆವೊಟೆಲ್ಲ ಮುಂತಾದ ಕುಲಗಳು ಸಮೃದ್ಧವಾಗಿದ್ದುವು. ಕಿರಿಯ ಮೇದಾಮ್ಲಗಳು ಫ್ಲಾರೆನ್ಸಿನ ಮಕ್ಕಳಿಗಿಂತ ಬಹಳ ಹೆಚ್ಚಾಗಿದ್ದುವು. ಭಾರತದಲ್ಲಿ ಭೋಪಾಲ ಮತ್ತು ಕೇರಳಗಳ ೧೧೦ ಆರೋಗ್ಯವಂತರನ್ನು ಪರೀಕ್ಷಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನವು ಸಸ್ಯಾಹಾರವೇ ಪ್ರಧಾನವಾದ ಭೋಪಾಲದವರಲ್ಲಿ ಪ್ರೆವೊಟೆಲ್ಲವು ಪ್ರಬಲವಾಗಿರುವುದನ್ನು ತೋರಿಸಿದೆ.

ನೆಲೆ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ೨೦೧೮ರ ಇನ್ನೊಂದು ಅಧ್ಯಯನವಿದೆ. ಆಗ್ನೇಯ ಏಷ್ಯದಿಂದ ಅಮೆರಿಕಕ್ಕೆ ವಲಸೆ ಹೋದ ಹ್ಮಾಂಗ್ ಮತ್ತು ಕರೆನ್ ಜನರ ಕರುಳಿನಲ್ಲಿ ಪ್ರೆವೊಟೆಲ್ಲವು ಕ್ಷೀಣಿಸಿ ಬೇರೆ ಕುಲಗಳು ತಲೆಯೆತ್ತಿದುವು. ಬ್ಯಾಕ್ಟೀರಿಯಗಳ ವೈವಿಧ್ಯವೇ ಕುಗ್ಗಿತು. ಈ ನಷ್ಟವು ವಲಸೆ ಬಂದವರ ಮಕ್ಕಳಲ್ಲಿ ಮತ್ತಷ್ಟು ಹೆಚ್ಚಾಗಿತ್ತು. ೨೦೧೬ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೂ ಇದನ್ನು ಸಮರ್ಥಿಸುತ್ತದೆ: ನಾರಿಲ್ಲದ ಆಹಾರವನ್ನು ಕೆಲವು ತಲೆಮಾರುಗಳವರೆಗೆ ಕೊಟ್ಟಾಗ ಕಣ್ಮರೆಯಾದ ಅನೇಕ ಜಾತಿಗಳು ನಾರನ್ನು ಮತ್ತೆ ಕೊಟ್ಟರೂ ಮರಳಲಿಲ್ಲ. ಪುರಾತತ್ತ್ವದ ಸಾಕ್ಷ್ಯವೂ ಈ ದಿಕ್ಕಿನಲ್ಲಿದೆ. ಉತ್ತರ ಅಮೆರಿಕದ ಶುಷ್ಕ ಗುಹೆಗಳಲ್ಲಿ ಉಳಿದುಬಂದ, ಒಂದರಿಂದ ಎರಡು ಸಾವಿರ ವರ್ಷಗಳಷ್ಟು ಹಳೆಯ ಮಲಾವಶೇಷಗಳನ್ನು ೨೦೨೧ರಲ್ಲಿ ಪರೀಕ್ಷಿಸಿದಾಗ, ಇಂದಿನ ಕೈಗಾರಿಕಾ ಸಮಾಜದವರಿಗಿಂತ ಹಳ್ಳಿಗಾಡಿನ ಜನರನ್ನು ಹೋಲುವ ಬ್ಯಾಕ್ಟೀರಿಯಗಳೂ, ಅದುವರೆಗೆ ಗೊತ್ತಿಲ್ಲದ ಜಾತಿಗಳೂ ಕಂಡುಬಂದುವು. ಶಾಸನ ಒಡೆದರೆ ಪಾಠ ನಷ್ಟವಾಗುವಂತೆ, ಕರುಳಿನ ಈ ಲಿಖಿತವೂ ನಷ್ಟವಾಗಬಹುದು.

೫. ಪ್ರಾಂತದ ಆಹಾರದಲ್ಲಿ ಆದ ಬದಲಾವಣೆ

ಈಗ ನಮ್ಮ ತಾಲ್ಲೂಕುಗಳತ್ತ ತಿರುಗೋಣ. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಬೀದರ ಜಿಲ್ಲೆಯ ಕನ್ನಡ ಭಾಗವು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಮೂರು ಪ್ರವಾಹಗಳು ಇಲ್ಲಿಯ ಊಟವನ್ನು ಮಾರ್ಪಡಿಸಿವೆ. ಮೊದಲನೆಯದು ಯಂತ್ರ: ಬೀಸುವ ಕಲ್ಲು, ಒನಕೆಗಳು ಮೂಲೆ ಸೇರಿ, ಗಿರಣಿಯಲ್ಲಿ ತೌಡು ತೆಗೆದ ಬೆಳ್ಳನೆಯ ಅಕ್ಕಿಯೂ ಮೈದಾ ಹಿಟ್ಟೂ ಸುಲಭವಾದುವು; ಅವುಗಳೊಡನೆ ಬೀಸುವ, ಕುಟ್ಟುವ ದೇಹಶ್ರಮವೂ ಹೋಯಿತು. ಎರಡನೆಯದು ಸರಕಾರದ ಪಡಿತರ: ಹಸಿವನ್ನು ನೀಗಿಸಲು ಹೊರಟ ಈ ವ್ಯವಸ್ಥೆಯು, ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯದವರೆಗೆ, ಮುಖ್ಯವಾಗಿ ಅಕ್ಕಿಯನ್ನೇ ಅವಲಂಬಿಸಿತು. ಮೂರನೆಯದು ಹೆದ್ದಾರಿ ಮತ್ತು ಪೇಟೆ: ಪುಣೆ-ಹೈದರಾಬಾದು ಮಾರ್ಗದ ಮೇಲಿರುವ ಹುಮನಾಬಾದಿನಂಥ ಊರುಗಳಿಗೆ ಬಿಸ್ಕತ್ತು, ಸಿಹಿ ಪಾನೀಯ, ಕರಿದ ತಿನಿಸುಗಳು ಬಂದುವು, ಇಲ್ಲಿಯ ಯುವಕರು ಆ ಎರಡು ನಗರಗಳಿಗೆ ಹೋದರು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಆಹಾರಕೋಷ್ಟಕಗಳು ಈ ಬದಲಾವಣೆಯನ್ನು ಅಳೆಯಲು ನೆರವಾಗುತ್ತವೆ. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ, ಸಜ್ಜೆಯಲ್ಲಿ ೧೧ ಗ್ರಾಂ, ತೊಗರಿಬೇಳೆಯಲ್ಲಿ ೯ ಗ್ರಾಂ, ಕಡಲೆಬೇಳೆಯಲ್ಲಿ ೧೫ ಗ್ರಾಂ ನಾರಿದ್ದರೆ, ತೌಡು ತೆಗೆದ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ ಇರುವುದು ೩ ಗ್ರಾಮಿಗಿಂತ ಕಡಮೆ. ಇಡೀ ಗೋಧಿಯ ಹಿಟ್ಟಿನಲ್ಲಿ ಜೋಳದಷ್ಟೇ, ಸುಮಾರು ೧೧ ಗ್ರಾಂ ಇದೆಯೆಂಬುದನ್ನೂ ಗಮನಿಸಬೇಕು. ಆದುದರಿಂದ ದೋಷವಿರುವುದು ಹೊರಗಿನ ಧಾನ್ಯ ಬಂದುದರಲ್ಲಿ ಅಲ್ಲ, ಹೊಟ್ಟು ಹೋದುದರಲ್ಲಿ. ದಿನಕ್ಕೆ ೪೦೦ ಗ್ರಾಂ ಧಾನ್ಯವನ್ನು ಉಣ್ಣುವವನು ಜೋಳವನ್ನು ಪೂರ್ಣವಾಗಿ ಬಿಟ್ಟು ಬಿಳಿ ಅಕ್ಕಿಗೆ ತಿರುಗಿದರೆ ಅವನ ಕರುಳಿಗೆ ಇಳಿಯುವ ನಾರಿನಲ್ಲಿ ದಿನವೊಂದಕ್ಕೆ ಸುಮಾರು ೩೦ ಗ್ರಾಂ ಕಡಮೆಯಾಗುತ್ತದೆ. ಹೊಟ್ಟೆ ತುಂಬಿದ ಮನುಷ್ಯನೊಳಗೆ ಅವನ ಬ್ಯಾಕ್ಟೀರಿಯಗಳು ಬರಗಾಲವನ್ನು ಅನುಭವಿಸುತ್ತವೆ.

ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಪುಣೆಯಲ್ಲಿ ಡಾ. ಯಾಜ್ಞಿಕರು ನಡೆಸಿದ ಅಧ್ಯಯನದಲ್ಲಿ ಅಲ್ಲಿಯ ಗ್ರಾಮೀಣ ಶಿಶುಗಳ ಸರಾಸರಿ ತೂಕ ೨.೭ ಕಿಲೊಗ್ರಾಂ, ಇಂಗ್ಲೆಂಡಿನ ಶಿಶುಗಳದು ೩.೫ ಕಿಲೊಗ್ರಾಂ ಇದ್ದಿತು. ಭಾರತೀಯ ಶಿಶುವಿನಲ್ಲಿ ಸ್ನಾಯು ಮುಂತಾದುವು ಕಡಮೆಯಾಗಿದ್ದರೂ ಕೊಬ್ಬು ಅಷ್ಟಾಗಿ ಕಡಮೆಯಾಗಿರಲಿಲ್ಲ. ಕೃಶನಂತೆ ಕಂಡರೂ ಒಳಗೆ ಮೇದಸ್ಸುಳ್ಳ ಈ ದೇಹವು ತಾಯಂದಿರ ದೀರ್ಘಕಾಲದ ಅರೆಹೊಟ್ಟೆಯ ಫಲವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚ್ಯಂಕವು ಜಗತ್ತಿನ ಇತರರಿಗೆ ೩೦ ಮೀರಿದಾಗ ಸ್ಥೌಲ್ಯವೆನಿಸಿದರೆ, ಭಾರತೀಯರಿಗೆ ೨೫ಕ್ಕೇ ಹಾಗೆ ಗಣಿಸಬೇಕೆಂದು ನಮ್ಮ ವೈದ್ಯರು ೨೦೦೯ರಲ್ಲಿ ನಿರ್ಣಯಿಸಿದುದು ಇಂಥ ಕಾರಣಗಳಿಂದಲೇ. ಕ್ಷಾಮಕ್ಕೆ ಒಗ್ಗಿದ ದೇಹದ ಮೇಲೆ ಹಠಾತ್ತನೆ ಸುರಿದ ಸುಲಭ ಪಿಷ್ಟವೇ ಇಂದಿನ ಸಮಸ್ಯೆಯ ಒಂದು ಬೇರು.

೬. ಕೆಲವು ಎಚ್ಚರಿಕೆಗಳು

ಪ್ರಾಚೀನವಾದುದೆಲ್ಲ ಹಿತವೆಂದು ಸಾರುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಜೋಳವನ್ನೇ ನೆಚ್ಚಿ, ಬೇಳೆ, ಹಾಲು, ಸೊಪ್ಪುಗಳಿಗೆ ಗತಿಯಿಲ್ಲದ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗ ಈ ದಖ್ಖನಿನಲ್ಲಿಯೇ ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯನವರು ಜೋಳದಲ್ಲಿ ಅಧಿಕವಾಗಿರುವ ಲ್ಯೂಸೀನ್ ಎಂಬ ಅಂಶವು ಇದಕ್ಕೆ ಕಾರಣವಿರಬಹುದೆಂದು ೧೯೬೦ರಲ್ಲಿ ಸೂಚಿಸಿದರು. ಆ ಮತದ ಚರ್ಚೆ ಬಹುಕಾಲ ನಡೆಯಿತು. ಹಳೆಯ ಊಟದ ಗುಣವಿದ್ದುದು ಜೋಳವೊಂದರಲ್ಲಿ ಅಲ್ಲ. ಜೋಳ, ಬೇಳೆ, ಸೊಪ್ಪು, ಮಜ್ಜಿಗೆಗಳ ಕೂಟದಲ್ಲಿ. ಆ ಕೂಟ ಎಲ್ಲರ ತಟ್ಟೆಗೂ ಬರುತ್ತಿರಲಿಲ್ಲ. ಪಡಿತರದ ಅಕ್ಕಿಯು ಎಷ್ಟೋ ಮನೆಗಳಲ್ಲಿ ಉಪವಾಸವನ್ನು ತಪ್ಪಿಸಿದೆಯೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ವಿಜ್ಞಾನದ ಕಡೆಯಿಂದಲೂ ಸಂಯಮ ಅವಶ್ಯಕ. ಫರ್ಮಿಕ್ಯೂಟಿಸ್ ಎಂಬ ವರ್ಗ ಹೆಚ್ಚಿ ಬ್ಯಾಕ್ಟೀರಾಯ್ಡಿಟಿಸ್ ಎಂಬ ವರ್ಗ ತಗ್ಗುವುದೇ ಸ್ಥೂಲರ ಲಕ್ಷಣವೆಂದು ೨೦೦೫-೦೬ರಲ್ಲಿ ಹೇಳಲಾಗಿತ್ತು. ಅನಂತರ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಮನುಷ್ಯರಲ್ಲಿ ಆ ಸಂಬಂಧ ಬಹಳ ದುರ್ಬಲವೆಂದು ೨೦೧೬ರಲ್ಲಿ ಸ್ಪಷ್ಟಪಟ್ಟಿತು. ಕೃಶರ ಬ್ಯಾಕ್ಟೀರಿಯಗಳನ್ನು ಸ್ಥೂಲರಿಗೆ ವರ್ಗಾಯಿಸಿದ ಪ್ರಯೋಗಗಳಲ್ಲಿ ಇನ್ಸುಲಿನ್ನಿನ ಕಾರ್ಯ ಕೆಲವರಲ್ಲಿ ಸ್ವಲ್ಪ ಕಾಲ ಸುಧಾರಿಸಿದರೂ ತೂಕವು ಗಣನೀಯವಾಗಿ ಇಳಿಯಲಿಲ್ಲ. ಇಲಿಯಲ್ಲಿ ಸಿದ್ಧವಾದುದು ಮನುಷ್ಯನಲ್ಲಿಯೂ ಸಿದ್ಧವಾಯಿತೆಂದು ಹೇಳುವುದು, ಒಂದು ಊರಿನ ಶಾಸನದಿಂದ ಇಡೀ ರಾಜ್ಯದ ಚರಿತ್ರೆಯನ್ನು ಬರೆದಂತೆ. ಆದುದರಿಂದ ಬ್ಯಾಕ್ಟೀರಿಯಗಳ ಗುಳಿಗೆಯಿಂದ ಬೊಜ್ಜು ಕರಗುವುದೆಂಬ ಪ್ರಚಾರಕ್ಕೆ ವಿದ್ಯಾವಂತರು ಮರುಳಾಗಬಾರದು. ನಾರಿನಿಂದ ಕೂಡಿದ ವೈವಿಧ್ಯಮಯ ಆಹಾರವು ಹಿತಕರವೆಂಬುದು ಮಾತ್ರ, ಬ್ಯಾಕ್ಟೀರಿಯಗಳ ಪಾತ್ರ ಎಷ್ಟೇ ಇರಲಿ, ಭದ್ರವಾದ ತಳಹದಿಯ ಮೇಲೆ ನಿಂತಿದೆ. ೨೦೧೫ರಲ್ಲಿ ದಕ್ಷಿಣ ಆಫ್ರಿಕದ ಗ್ರಾಮಸ್ಥರೂ ಅಮೆರಿಕದ ಕಪ್ಪು ಜನರೂ ಎರಡು ವಾರಗಳ ಕಾಲ ತಮ್ಮ ಆಹಾರವನ್ನು ಅದಲುಬದಲು ಮಾಡಿಕೊಂಡಾಗ, ಕರುಳಿನ ಬ್ಯಾಕ್ಟೀರಿಯಗಳೂ ಉರಿಯೂತದ ಲಕ್ಷಣಗಳೂ ಅಷ್ಟರಲ್ಲಿಯೇ ಬದಲಾದುವು: ಅಮೆರಿಕದವರಿಗೆ ಒಳಿತಾಯಿತು, ಆಫ್ರಿಕದವರಿಗೆ ಕೆಡುಕಾಯಿತು.

ಉಪಸಂಹಾರ

ಚರಕಸಂಹಿತೆಯು ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ, ಸ್ಥೌಲ್ಯದ ಕಾರಣಗಳಲ್ಲಿ ಆಹಾರ, ವ್ಯಾಯಾಮದ ಅಭಾವಗಳೊಡನೆ ಬೀಜಸ್ವಭಾವವನ್ನೂ ಹೇಳುತ್ತದೆ. ಎರಡೂ ಒಂದೇ ಅಸಮತೋಲದ ಎರಡು ಮುಖಗಳೆಂಬ ಆ ದೃಷ್ಟಿ ನಮ್ಮ ಪ್ರಾಂತಕ್ಕೆ ಇಂದು ವಿಶೇಷವಾಗಿ ಒಪ್ಪುತ್ತದೆ. ಅಜ್ಜನು ಕ್ಷಾಮದಲ್ಲಿ ಕೃಶನಾದ ಮನೆಯಲ್ಲಿಯೇ ಮೊಮ್ಮಗನು ಮಧುಮೇಹಿಯಾಗುತ್ತಿರುವಾಗ, ಅದನ್ನು ಅವನೊಬ್ಬನ ನೀತಿದೋಷವೆಂದು ನಿಂದಿಸುವುದು ಅನ್ಯಾಯ. ಅವನ ದೇಹವನ್ನು ರೂಪಿಸಿದವರಲ್ಲಿ ಗಿರಣಿಯ ಯಜಮಾನನೂ ಪಡಿತರದ ನೀತಿಯೂ ಹೊಲದ ಬೆಳೆಯನ್ನು ನಿರ್ಧರಿಸಿದ ಪೇಟೆಯ ದರವೂ ಸೇರಿವೆ.

ಪರಿಹಾರದ ಒಂದು ಭಾಗವಾದರೂ ನಮ್ಮ ಕೈಯಲ್ಲಿದೆ. ತೊಗರಿ, ಕಡಲೆ, ಜೋಳಗಳು ಈ ನೆಲದಲ್ಲಿ ಇನ್ನೂ ಬೆಳೆಯುತ್ತಿವೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪಡಿತರದಲ್ಲಿಯೂ ವಿದ್ಯಾರ್ಥಿನಿಲಯಗಳ ಊಟದಲ್ಲಿಯೂ ಜೋಳಕ್ಕೆ, ಇಡೀ ಕಾಳಿಗೆ ನಿಶ್ಚಿತವಾದ ಸ್ಥಾನವಿರಬೇಕೆಂದು ಕೇಳುವುದು ಹಳೆಯ ಕಾಲಕ್ಕೆ ಮರಳುವುದಲ್ಲ. ಹೊಟ್ಟೆ ತುಂಬಿಸುವ ಕೆಲಸವನ್ನು ಪೂರ್ಣಗೊಳಿಸುವುದು. ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಪ್ರತಿ ಹಳ್ಳಿಯಲ್ಲಿ ಎಪ್ಪತ್ತು ವರ್ಷ ದಾಟಿದ ಹಿರಿಯರಿಂದ, ವಿಶೇಷವಾಗಿ ಅಡುಗೆ ಮಾಡಿದ ಹೆಂಗಸರಿಂದ, ಅವರ ಬಾಲ್ಯದ ಊಟವೇನು, ಯಾವ ತಿಂಗಳಲ್ಲಿ ಯಾವ ಸೊಪ್ಪು, ಬರ ಬಂದಾಗ ಏನು, ಪಡಿತರದ ಅಕ್ಕಿ ಎಂದು ಬಂತು ಎಂಬುದನ್ನು ಕೇಳಿ ಬರೆದಿಡಬೇಕು. ಅರಸನ ಅನ್ನಭೋಗಕ್ಕೆ ಗ್ರಂಥವಿದೆ; ಪ್ರಜೆಯ ಊಟಕ್ಕೆ ಇವರ ನೆನಪೇ ಗ್ರಂಥ. ಮುಂದೆ ವಿಜ್ಞಾನಿಗಳು ಈ ಪ್ರಾಂತದ ಜನರ ಕರುಳಿನ ಜೀವಿಗಳನ್ನು ಎಣಿಸಲು ಬಂದಾಗ, ಅವರು ಕಂಡ ನಷ್ಟದ ಕಾಲವನ್ನು ನಿರ್ಣಯಿಸಲು ಇಂಥ ದಾಖಲೆಯೇ ಆಧಾರವಾಗುವುದು. ಆ ಹಿರಿಯರು ಇರುವಾಗಲೇ ಈ ಕಾರ್ಯ ನಡೆಯಬೇಕೆಂಬುದು ನಮ್ಮ ವಿನಂತಿ.